ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆಸಬೇಕು: ಪರ್ಮಿಷನ್, ಕಂಟ್ರಾಕ್ಟರ್ ಬಗ್ಗೆ ಗೊತ್ತಿರುವವರು ಹೇಳಿ (ಸರಸ್ವತಿಪುರಂ, ಮೈಸೂರು)

ಸರಸ್ವತಿಪುರಂ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸರಸ್ವತಿಪುರಂನಲ್ಲಿ ಹಳೇ ಮನೆ. ಕೆಳಗಿನ ಮನೆಯನ್ನು ಅಪ್ಪ 1974ರಲ್ಲಿ ಕಟ್ಟಿಸಿದರು. 1991ರಲ್ಲಿ ಮೇಲೆ ಇನ್ನೊಂದು ಮನೆ ಎಬ್ಬಿಸಿದರು, ಅದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಎರಡೂ ಆರ್‌ಸಿಸಿ ತಾರಸಿ.

ಅಮ್ಮನಿಗೆ ಈಗ 76 ವರ್ಷ. ಸೊಂಟದ ಆಪರೇಷನ್ ಆದ ಮೇಲೆ ವೀಲ್‌ಚೇರ್‌ನಲ್ಲೇ ಓಡಾಟ. ಹಾಲ್‌ನಿಂದ ಅಡುಗೆಮನೆಗೆ ಹೋಗುವ ಬಾಗಿಲು ಎರಡೂವರೆ ಅಡಿ. ಚೌಕಟ್ಟು ಕಳೆದರೆ ಇನ್ನೂ ಕಮ್ಮಿ. ಕುರ್ಚಿ ಒಳಗೆ ಹೋಗುವುದಿಲ್ಲ. ಐವತ್ತು ವರ್ಷ ಆ ಅಡುಗೆಮನೆಯಲ್ಲಿ ಕೈ ಆಡಿಸಿದವರು ಈಗ ಬಾಗಿಲ ಹೊರಗೆ ಕೂತು "ಒಗ್ಗರಣೆ ಸೀದು ಹೋಗ್ತಿದೆ ನೋಡು" ಅಂತ ಹೇಳುತ್ತಾರೆ. ನೋಡಲು ಸಂಕಟವಾಗುತ್ತದೆ. ಅದಕ್ಕೇ ಆ ಗೋಡೆಯನ್ನು ಪೂರ್ತಿ ತೆಗೆಸಿ, ಹಾಲ್ ಮತ್ತು ಅಡುಗೆಮನೆ ಒಂದೇ ಮಾಡೋಣ ಅಂತ ಯೋಚನೆ. ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ.

ಒಬ್ಬ ಮೇಸ್ತ್ರಿ ಬಂದು ನೋಡಿ, "ಅರ್ಧ ದಿನದ ಕೆಲಸ ಸರ್. ಪರ್ಮಿಷನ್ ಗಿರ್ಮಿಷನ್ ಏನೂ ಬೇಡ. 18 ಸಾವಿರ ಕೊಡಿ, ಮಣ್ಣೂ ನಾವೇ ಸಾಗಿಸ್ತೀವಿ" ಅಂದರು. ಇನ್ನೊಬ್ಬ ಕಂಟ್ರಾಕ್ಟರ್ 55 ಸಾವಿರದಿಂದ ಶುರು ಅಂದರು, ಜೊತೆಗೆ ಎಂಜಿನಿಯರ್ ಬಂದು ನೋಡದೆ ಸುತ್ತಿಗೆ ಮುಟ್ಟಲ್ಲ ಅಂದರು. ಇಷ್ಟು ವ್ಯತ್ಯಾಸ ಯಾಕೆ? ಪಾಲಿಕೆಯ ಅನುಮತಿ ನಿಜವಾಗಿ ಬೇಕಾ?

ಮೇಸ್ತ್ರಿ_ಮಗ

ಸರ್, ಮೊದಲು 18 ಸಾವಿರದವರಿಗೆ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಅಂತ ಹೇಳಿ. ಆಮೇಲೆ ಮಿಕ್ಕ ಮಾತು.

ಮೂರು ವಿಷಯ ನೋಡಿ ಬರೆಯಿರಿ. ಗೋಡೆ ಎಷ್ಟು ದಪ್ಪ? ಬಾಗಿಲ ಹತ್ತಿರ ಟೇಪ್ ಹಿಡಿದರೆ ಗೊತ್ತಾಗುತ್ತದೆ. ಮೇಲಿನ ಮನೆಯಲ್ಲಿ ಇದೇ ಗೋಡೆಯ ನೆತ್ತಿಯ ಮೇಲೆ ಇನ್ನೊಂದು ಗೋಡೆ ಇದೆಯಾ? ತಾರಸಿ ಕೆಳಗೆ, ಗೋಡೆಯ ಮೇಲ್ಭಾಗದಲ್ಲಿ ಎಲ್ಲಾದರೂ ಬೀಮ್ ಕಾಣುತ್ತದಾ?

ಸರಸ್ವತಿಪುರಂ_ಮನೆ

ಈಗ ತಾನೇ ಅಳೆದೆ. ಪ್ಲಾಸ್ಟರ್ ಸೇರಿ 10 ಇಂಚು. ಮೇಲಿನ ಬಾಡಿಗೆಯವರ ಹಾಲ್ ಗೋಡೆ ಸರಿಯಾಗಿ ಇದರ ಮೇಲೇ ಬರುತ್ತದೆ. ಬೀಮ್ ಎಲ್ಲೂ ಕಾಣಲಿಲ್ಲ.

ಸೈಜುಗಲ್ಲು

ನಾನು ಸಿವಿಲ್ ಎಂಜಿನಿಯರ್, ಹಳೇ ಮನೆಗಳ ರಿಪೇರಿಯೇ ಜಾಸ್ತಿ ಮಾಡುತ್ತೇನೆ. ನಿಮ್ಮ ಮನೆ ನೋಡದೆ ತೀರ್ಪು ಹೇಳುವುದು ತಪ್ಪು. ಆದರೆ ನೀವು ಕೊಟ್ಟ ಮೂರು ಉತ್ತರವೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ಅದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಕೆಳಗೂ ಮೇಲೂ ಒಂದೇ ಗೆರೆಯಲ್ಲಿದೆ. ಬೀಮ್ ಇಲ್ಲ. 70ರ ದಶಕದ ಮೈಸೂರಿನ ಮನೆಗಳಲ್ಲಿ ಪಿಲ್ಲರ್ ಇರುವುದು ಅಪರೂಪ. ಕೆಳಗೆ ಸೈಜುಗಲ್ಲಿನ ಪಾಯ, ಅದರ ಮೇಲೆ ಗೋಡೆ, ಗೋಡೆಯ ಮೇಲೆ ತಾರಸಿ. ಗೋಡೆಯೇ ಪಿಲ್ಲರ್.

ಎಷ್ಟು ಭಾರ ಅಂತ ಲೆಕ್ಕ ಹಾಕೋಣ. ಐದು ಇಂಚು ದಪ್ಪದ ಆರ್‌ಸಿಸಿ ತಾರಸಿ ಒಂದು ಚದರಕ್ಕೆ ಹತ್ತಿರ ಹತ್ತಿರ 3 ಟನ್ ತೂಗುತ್ತದೆ. ಚದರ ಅಂದರೆ 100 ಚದರಡಿ, ಅಷ್ಟೇ. ಅದರ ಮೇಲೆ ನೆಲದ ಗಾರೆ, ಟೈಲ್ಸ್. ನಿಮ್ಮ ಮೇಲಿನ ಮನೆಯ ಗೋಡೆಯೂ 12ಕ್ಕೆ 10 ಇದ್ದರೆ ಅದೊಂದೇ ಸುಮಾರು ನಾಲ್ಕೂಮುಕ್ಕಾಲು ಟನ್. ಅದರ ಮೇಲೆ ಮತ್ತೆ ತಾರಸಿ. ಇಷ್ಟೂ ಈಗ ಆ 12 ಅಡಿಯ ಮೇಲೆ ಕೂತಿದೆ. ಕೆಳಗಿನ ಗೋಡೆ ತೆಗೆದರೆ ಅದು ಎಲ್ಲಿಗೆ ಹೋಗಬೇಕು?

ತುಂಬಾ ಜನ ದಪ್ಪ ನೋಡಿ ಮಾತ್ರ ನಿರ್ಧಾರ ಮಾಡುತ್ತಾರೆ. ನಾಲ್ಕೂವರೆ ಇಂಚಿನ ಗೋಡೆ ಅಂದರೆ ಬರೀ ಅಡ್ಡಗೋಡೆ ಅಂದುಕೊಳ್ಳುತ್ತಾರೆ. ಯಾವಾಗಲೂ ಹಾಗಲ್ಲ. ಸಜ್ಜಾ, ಅಟ್ಟದ ಕಲ್ಲು ಅದರ ಮೇಲೆ ಕೂತಿರಬಹುದು. ಇಪ್ಪತ್ತು ಮೂವತ್ತು ವರ್ಷದಲ್ಲಿ ತಾರಸಿ ಸ್ವಲ್ಪ ಬಗ್ಗಿ, ಮೊದಲು ಭಾರ ಹೊರದ ಗೋಡೆಯ ಮೇಲೂ ಒರಗಿರುತ್ತದೆ. ತಾರಸಿಯ ಮುಖ್ಯ ಕಂಬಿ ಯಾವ ದಿಕ್ಕಿಗೆ ಹೋಗಿದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಕೋಣೆಯ ಚಿಕ್ಕ ಅಳತೆಯ ಕಡೆ ಹೋಗಿರುತ್ತದೆ. ಖಚಿತ ಮಾಡಿಕೊಳ್ಳಲು ತಾರಸಿಯ ಅಡಿಯಲ್ಲಿ ಎರಡು ಕಡೆ ಪ್ಲಾಸ್ಟರ್ ಕೆರೆದು ನೋಡಬೇಕು.

ಒಂಟಿಕೊಪ್ಪಲು_ಅಕ್ಕ

ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತೇನೆ. ಯಾರಿಗಾದರೂ ಉಪಯೋಗವಾಗಲಿ.

ಅಡುಗೆಮನೆ ಆಗ್ನೇಯಕ್ಕೆ ಬರಬೇಕು ಅಂತ ಹಿರಿಯರು ಪಟ್ಟು ಹಿಡಿದರು. ಊಟದ ಕೋಣೆಯ ಗೋಡೆ ಒಡೆಸಿದೆವು. ಎಂಜಿನಿಯರ್ ಬರಲಿಲ್ಲ, ನಾವೂ ಕರೆಯಲಿಲ್ಲ. ಸಂಜೆ ಹೊತ್ತಿಗೆ ಗೋಡೆ ಇರಲಿಲ್ಲ. ಎಷ್ಟು ಬೆಳಕು ಬಂತು ಅಂತ ಎಲ್ಲರೂ ಖುಷಿಪಟ್ಟೆವು. ಮೂರು ತಿಂಗಳಿಗೆ ಮಹಡಿಯ ಮಲಗುವ ಕೋಣೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ. ಮಳೆಗೆ ಮರ ಉಬ್ಬಿದೆ ಅಂತ ಬಡಗಿಯನ್ನು ಕರೆಸಿ ಉಜ್ಜಿಸಿದೆವು. ಮತ್ತೆ ಒಂದು ತಿಂಗಳಿಗೆ ಅದೇ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಕೂದಲೆಳೆಯಷ್ಟು ಬಿರುಕು ಕಂಡಿತು.

ಆಗ ಒಬ್ಬ ವಯಸ್ಸಾದ ಗಾರೆ ಕೆಲಸದವರು ಬಂದರು. ಬೆರಳಗಲದ ಒಂದು ಗಾಜಿನ ತುಂಡು ತಂದರು. ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದರು. ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆದರು. "ಗಾಜು ಹಾಗೇ ಇದ್ದರೆ ಬಿರುಕು ನಿಂತಿದೆ ಅಂತ. ಒಡೆದರೆ ಮನೆ ಇನ್ನೂ ಇಳೀತಿದೆ ಅಂತ ತಿಳ್ಕೊಳ್ಳಿ ಅಮ್ಮ" ಅಂದರು. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದಾಗ ಗಾಜು ಎರಡು ತುಂಡಾಗಿತ್ತು. ಅವತ್ತು ರಾತ್ರಿ ನಾವು ಯಾರೂ ಮಹಡಿಯಲ್ಲಿ ಮಲಗಲಿಲ್ಲ.

ಕೊನೆಗೆ ಜಾಕಿ (ತಾರಸಿಗೆ ಆಸರೆ ಕೊಡುವ ಕಬ್ಬಿಣದ ಕಂಬ) ಕೊಟ್ಟು, ಕಬ್ಬಿಣದ ಬೀಮ್ ಸೇರಿಸಿ ನಿಲ್ಲಿಸಿದರು. ಒಡೆಸಲು ಆದ ಖರ್ಚಿನ ಏಳು ಪಟ್ಟು ಅದಕ್ಕೆ ಹೋಯಿತು. ದುಡ್ಡು ಹೋಗಲಿ, ಮಗು ಆ ಕೋಣೆಯಲ್ಲಿ ಮಲಗುತ್ತಿತ್ತಲ್ಲಾ ಅಂತ ಈಗಲೂ ಎದೆ ಝಲ್ ಅನ್ನುತ್ತದೆ.

ನಿವೃತ್ತ_ಜೆಇ

ಅನುಮತಿಯ ಬಗ್ಗೆ ಕೇಳಿದ್ದೀರಿ, ಅದನ್ನಷ್ಟೇ ಹೇಳುತ್ತೇನೆ.

ಮನೆಯೊಳಗಿನ ಎಲ್ಲ ಕೆಲಸಕ್ಕೂ ಅನುಮತಿ ಬೇಕಿಲ್ಲ. ಸುಣ್ಣಬಣ್ಣ, ಪ್ಲಾಸ್ಟರ್, ನೆಲದ ಟೈಲ್ಸ್ ಬದಲಾವಣೆ, ಫಾಲ್ಸ್ ಸೀಲಿಂಗ್, ಭಾರ ಹೊರದ ಅಡ್ಡಗೋಡೆ, ಇವೆಲ್ಲ ಸಾಮಾನ್ಯ ರಿಪೇರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೂಡ ಇಂಥ ಕೆಲಸಗಳನ್ನು ಹೊರಗಿಟ್ಟಿದೆ. ಆದರೆ ಒಂದು ಷರತ್ತು: ಕಟ್ಟಡದ ಭದ್ರತೆಗೆ ಧಕ್ಕೆ ಬರಬಾರದು. ಭಾರ ಹೊರುವ ಗೋಡೆಗೆ ಕೈ ಹಾಕಿದ ಕೂಡಲೇ ಅದು ರಿಪೇರಿ ಅಲ್ಲ, ಕಟ್ಟಡದ ಮಾರ್ಪಾಡು. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆಯ ಪ್ರಕಾರ ಕಟ್ಟಲು, ಮರುನಿರ್ಮಾಣಕ್ಕೆ, ಮಾರ್ಪಾಡಿಗೆ ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಮಾಡಿದರೆ 321ನೇ ಸೆಕ್ಷನ್ ಕೆಳಗೆ ನೋಟಿಸ್ ಬರಬಹುದು.

ಪಾಲಿಕೆಯಲ್ಲಿ ನೋಂದಾಯಿಸಿದ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಹೋಗಿ. ಖಾತೆ, ಈ ವರ್ಷದ ಕಂದಾಯದ ರಸೀದಿ, ಹಳೇ ಮಂಜೂರಾದ ನಕ್ಷೆ, ಈಗ ಏನು ಬದಲಾಗುತ್ತದೆ ಅಂತ ತೋರಿಸುವ ಹೊಸ ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಪತ್ರ, ಇಷ್ಟು ಇಟ್ಟುಕೊಂಡು ನಿಮ್ಮ ವಲಯ ಕಚೇರಿಗೆ ಮೊದಲು ಒಮ್ಮೆ ಹೋಗಿ ಮಾತಾಡಿ. ಬಾಯಿಮಾತಿನ ಉತ್ತರ ತೆಗೆದುಕೊಂಡು ಬರಬೇಡಿ. "ಬೇಡ" ಅಂದರೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಕಾಗದ ಇರುತ್ತದೆ.

1974ರ ಮನೆ ಅಂದರೆ ನಿಮ್ಮ ಕಾಗದಗಳಲ್ಲಿ ಸಿಐಟಿಬಿ ಅಂತ ಇರಬಹುದು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬಂದದ್ದು 1988ರಲ್ಲಿ, ಅದಕ್ಕೂ ಮುಂಚೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ನಕ್ಷೆ ಕಳೆದುಹೋಗಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಇನ್ನೊಂದು ಮಾತು: 1991ರ ಮಹಡಿಗೆ ಅನುಮತಿ ತಗೊಂಡಿದ್ದಾರಾ ಅಂತ ಮನೆಯಲ್ಲೇ ಮೊದಲು ಹುಡುಕಿ ನೋಡಿ.

ಮಂಡ್ಯ_ತಮ್ಮ

ನಮ್ಮ ಮಂಡ್ಯದಲ್ಲಿ ಇದಕ್ಕೆ ಎಲ್ಲಿಗೆ ಹೋಗಬೇಕು ಸರ್?

ನಿವೃತ್ತ_ಜೆಇ

ನಗರಸಭೆಗೆ. ಅಲ್ಲಿ 1964ರ ಪುರಸಭೆಗಳ ಕಾಯ್ದೆ. ಮೈಸೂರಿನ ಸುತ್ತಲೂ ಅಷ್ಟೇ, ರಿಂಗ್ ರಸ್ತೆ ದಾಟಿದರೆ ಎಲ್ಲವೂ ಪಾಲಿಕೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಕಂದಾಯದ ರಸೀದಿ ಯಾವ ಕಚೇರಿಯದೋ ಅಲ್ಲಿಗೆ ಹೋಗಿ.

ಬೋಗಾದಿ_ಫ್ಲ್ಯಾಟ್

ನಮ್ಮದು ಅಪಾರ್ಟ್‌ಮೆಂಟ್. ನನ್ನ ಫ್ಲ್ಯಾಟ್ ಒಳಗೆ, ನನ್ನ ದುಡ್ಡಲ್ಲಿ ನಾನು ಗೋಡೆ ತೆಗೆಸಿದರೆ ಅಸೋಸಿಯೇಷನ್ ತಡೆಯಬಹುದಾ?

ಸೈಜುಗಲ್ಲು

ತಡೆಯಬಹುದು, ತಡೆಯಲೂಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲೇ ಇದೆ: ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸವನ್ನು ಉಳಿದ ಮಾಲೀಕರೆಲ್ಲರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ನಿಮ್ಮ ಗೋಡೆ ಬ್ಲಾಕ್‌ನಲ್ಲಿ ತುಂಬಿದ ಅಡ್ಡಗೋಡೆಯೇ ಆಗಿದ್ದರೆ ಸಲೀಸು. ಆದರೆ ಈಚೆಗೆ ಎತ್ತರದ ಕಟ್ಟಡಗಳಲ್ಲಿ ಗೋಡೆಯನ್ನೇ ಕಾಂಕ್ರೀಟ್‌ನಲ್ಲಿ ಎರೆಯುತ್ತಾರೆ. ಅಲ್ಲಿ ಒಂದು ಕಿಟಕಿಯಷ್ಟು ತೂತು ಮಾಡುವುದೂ ಅಪಾಯ. ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ತಗೊಳ್ಳಿ.

ಬಾತ್‌ರೂಮ್ ಒಡೆಸುವುದಾದರೆ ಇನ್ನೊಂದು ಎಚ್ಚರ. ಬಾತ್‌ರೂಮ್ ತಾರಸಿಯನ್ನು ಸುಮಾರು ಒಂದಡಿ ಕೆಳಗೆ ಇಳಿಸಿ, ಪೈಪ್ ಹಾಕಿ, ಮೇಲೆ ಮಣ್ಣು ತುಂಬಿರುತ್ತಾರೆ. ಬ್ರೇಕರ್ (ಒಡೆಯುವ ಮೆಷಿನ್) ಹಿಡಿದವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದಿದ್ದರೆ ವಾಟರ್‌ಪ್ರೂಫಿಂಗ್ ಹೋಯಿತು. ಕೆಳಗಿನ ಮನೆಯವರ ಸೀಲಿಂಗ್ ಒದ್ದೆ.

ಅಗ್ರಹಾರದವರು

ಹಳೇ ಮೈಸೂರಿನ ಮನೆಗಳ ಬಗ್ಗೆ ಯಾರೂ ಬರೆಯಲಿಲ್ಲ. ಅಗ್ರಹಾರ, ಚಾಮರಾಜಪುರಂ, ದೇವರಾಜ ಮೊಹಲ್ಲಾ ಕಡೆ ಇನ್ನೂ ಮದ್ರಾಸ್ ತಾರಸಿ ಮನೆಗಳಿವೆ. ತೇಗದ ಸಣ್ಣ ತೊಲೆಗಳನ್ನು ಸಾಲಾಗಿ ಇಟ್ಟು, ಅದರ ಮೇಲೆ ತೆಳ್ಳನೆಯ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂಡಿಸಿದ ತಾರಸಿ ಅದು. ಆರ್‌ಸಿಸಿ ಸಾಮಾನ್ಯವಾಗಿ ಬೀಳುವ ಮುಂಚೆ ಬಗ್ಗುತ್ತದೆ, ಬಿರುಕು ಬಿಡುತ್ತದೆ, ಏನಾದರೂ ಸೂಚನೆ ಕೊಡುತ್ತದೆ. ಇದರಲ್ಲಿ ಗೋಡೆಯೊಳಗಿನ ತೊಲೆಯ ತುದಿ ಗೆದ್ದಲು ತಿಂದು ಪುಡಿಯಾಗಿದ್ದರೆ, ಪಕ್ಕದ ಗೋಡೆಗೆ ಬ್ರೇಕರ್ ಹಿಡಿದ ಅದುರಿಗೇ ಜಾರಬಹುದು. ಇಂಥ ಮನೆಯಲ್ಲಿ ಬ್ರೇಕರ್ ಬೇಡವೇ ಬೇಡ. ಚಾಣ, ಸುತ್ತಿಗೆ, ಮೇಲಿಂದ ಒಂದೊಂದೇ ವರಸೆ ಇಟ್ಟಿಗೆ ಬಿಚ್ಚಿಕೊಂಡು ಬರಬೇಕು.

ನಮ್ಮ ಊರು ಇದನ್ನು ನೋಡಿಲ್ಲವಾ? 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಹೋದರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆ, ಅದೂ ದುರಸ್ತಿ ನಡೆಯುತ್ತಿದ್ದಾಗಲೇ ಕುಸಿಯಿತು. ಸುಣ್ಣದ ಗಾರೆಯ ಕಟ್ಟಡ ನೂರು ವರ್ಷ ನಿಂತಿದೆ ಅಂದರೆ ಇನ್ನು ಏನೂ ಆಗಲ್ಲ ಅಂತ ಅರ್ಥ ಅಲ್ಲ.

ಎರಡು ಮನೆಗೆ ಒಂದೇ ಗೋಡೆ ಇದ್ದರೆ ಪಕ್ಕದವರನ್ನು ಕೂರಿಸಿಕೊಂಡು ಮಾತಾಡಿ. ಕೆಲಸ ಶುರು ಮಾಡುವ ಮುಂಚೆ ಅವರ ಮನೆಯೊಳಗೂ ಹೋಗಿ, ಇರುವ ಬಿರುಕುಗಳನ್ನೆಲ್ಲ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ನಿಮ್ಮ ಮನೆ ಪಾರಂಪರಿಕ ಪಟ್ಟಿಯಲ್ಲಿದೆಯಾ ಅಂತ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯಲ್ಲಿ ಕೇಳುವುದೂ ಒಳ್ಳೆಯದು.

ವಿಜಯನಗರ_2ನೇ_ಹಂತ

ಇಷ್ಟೆಲ್ಲ ಯಾಕೆ ಹೆದರಿಸುತ್ತಿದ್ದೀರಿ? ನಾನು ನಮ್ಮ ಮನೆಯಲ್ಲಿ ಮೂರು ಗೋಡೆ ತೆಗೆಸಿದ್ದೇನೆ. ಆರು ವರ್ಷ ಆಯಿತು, ಒಂದು ಗೆರೆ ಬಿರುಕಿಲ್ಲ. ಎಂಜಿನಿಯರ್‌ಗೆ ಸುಮ್ನೆ ದುಡ್ಡು.

ಸೈಜುಗಲ್ಲು

ನಿಮ್ಮ ಮನೆ ಯಾವ ವರ್ಷದ್ದು ಸರ್? ಪಿಲ್ಲರ್ ಇದೆಯಾ?

ವಿಜಯನಗರ_2ನೇ_ಹಂತ

2008. ಪಿಲ್ಲರ್ ಇದೆ, ಒಂಬತ್ತು.

ಸೈಜುಗಲ್ಲು

ಹಾಗಾದರೆ ನಿಮ್ಮದರಲ್ಲಿ ಭಾರ ಬೀಮ್‌ನಿಂದ ಪಿಲ್ಲರ್‌ಗೆ, ಪಿಲ್ಲರ್‌ನಿಂದ ಪಾಯಕ್ಕೆ ಇಳಿಯುತ್ತದೆ. ಗೋಡೆ ನಡುವೆ ತುಂಬಿದ್ದು. ನಿಮಗೆ ಆದದ್ದು ಸರಿಯೇ. ಸರಸ್ವತಿಪುರಂನವರ ಮನೆಗೆ ಅದು ಹೊಂದಲ್ಲ.

ವಿಜಯನಗರ_2ನೇ_ಹಂತ

ಸರಿ ಸರ್, ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್.

ಮೇಸ್ತ್ರಿ_ಮಗ

ಎಲ್ಲರೂ ಮನೆಯ ಬಗ್ಗೆ ಬರೆದಿದ್ದಾರೆ. ನಾನು ಒಡೆಯುವವರ ಬಗ್ಗೆ ಬರೆಯುತ್ತೇನೆ.

ನಮ್ಮಪ್ಪ 34 ವರ್ಷ ಗಾರೆ ಕೆಲಸ ಮಾಡಿದರು. ಅದರಲ್ಲಿ ಹೆಚ್ಚು ಹಳೇ ಮನೆ ಒಡೆಯುವ ಕೆಲಸ. ಮುಖಕ್ಕೆ ಒಂದು ಟವೆಲ್, ಅಷ್ಟೇ. ಸಂಜೆ ಮನೆಗೆ ಬಂದಾಗ ರೆಪ್ಪೆಯ ಕೂದಲೂ ಬಿಳಿ ಇರುತ್ತಿತ್ತು. ಅಮ್ಮ ಹಿತ್ತಲಲ್ಲೇ ನೀರು ಕೊಟ್ಟು, ಒಳಗೆ ಬರುವ ಮುಂಚೆ ಬಟ್ಟೆ ಕೊಡವಿಸುತ್ತಿದ್ದರು. ಈಗ ಅಪ್ಪ ಹತ್ತು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಡಾಕ್ಟರ್ ಸಿಲಿಕೋಸಿಸ್ ಅಂದರು. ಇಟ್ಟಿಗೆ, ಕಾಂಕ್ರೀಟ್, ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಕಾಯಿಲೆಗೆ ವಾಸಿಯಾಗುವ ಔಷಧ ಇಲ್ಲ. ತಡೆಯುವುದೊಂದೇ ದಾರಿ.

18 ಸಾವಿರ, 55 ಸಾವಿರದ ವ್ಯತ್ಯಾಸ ಯಾಕೆ ಅಂತ ಕೇಳಿದ್ದಿರಿ ಅಲ್ವಾ ಸರ್? ಕಮ್ಮಿ ರೇಟಿನಲ್ಲಿ ಏನೇನು ಬಿಟ್ಟಿದ್ದಾರೆ ನೋಡಿ. ಜಾಕಿ ಬಾಡಿಗೆ ಇಲ್ಲ. ಒಡೆಯುವ ಮುಂಚೆ ಗೋಡೆಗೆ ನೀರು ಹೊಡೆಯುವವನಿಲ್ಲ. ಮಾಸ್ಕ್, ಹೆಲ್ಮೆಟ್, ಗ್ಲೌಸ್ ಇಲ್ಲ. ಇನ್ಶೂರೆನ್ಸ್ ಇಲ್ಲ. ಮಣ್ಣು ಸಾಗಿಸುತ್ತೇವೆ ಅನ್ನುವುದು ರಾತ್ರಿ ಹೊತ್ತು ಯಾವುದಾದರೂ ಕೆರೆ ಅಂಗಳಕ್ಕೋ ರಿಂಗ್ ರಸ್ತೆ ಪಕ್ಕಕ್ಕೋ.

2025ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ಮಹಾರಾಣಿ ಕಾಲೇಜಿನ ಹಳೇ ಕಟ್ಟಡ ಕೆಡವುವಾಗ ಒಬ್ಬ ಕೆಲಸಗಾರ ಅವಶೇಷದಡಿ ಸಿಕ್ಕಿ ತೀರಿಕೊಂಡ. ಒಡೆಯುವ ಕೆಲಸಕ್ಕೆ ಐಎಸ್ (ಭಾರತೀಯ ಮಾನಕ) 4130 ಅಂತ ಸುರಕ್ಷತೆಯ ಸಂಹಿತೆಯೇ ಇದೆ, 1991ರದ್ದು. ಕರೆಂಟು, ನೀರು ಮೊದಲು ಕಟ್ ಮಾಡಿ, ಮೇಲಿಂದ ಕೆಳಕ್ಕೆ ಬಿಚ್ಚಿಕೊಂಡು ಬನ್ನಿ ಅಂತ ಅದು ಹೇಳುತ್ತದೆ. ಗೋಡೆಯ ಬುಡ ಕೊರೆದು ತಳ್ಳುವುದು ಬೇಗ ಆಗುತ್ತದೆ, ಆದರೆ ಅದರ ಕೆಳಗೆ ನಿಂತಿರುವವನು ನಮ್ಮಪ್ಪನಂಥ ಒಬ್ಬ.

ಕಂಟ್ರಾಕ್ಟರ್ ಬಂದಾಗ ಇಷ್ಟು ಕೇಳಿ: "ನಿಮ್ಮ ಹುಡುಗರಿಗೆ ಲೇಬರ್ ಕಾರ್ಡ್ ಇದೆಯಾ? ವರ್ಕ್‌ಮೆನ್ ಕಾಂಪೆನ್ಸೇಷನ್ ಪಾಲಿಸಿ ತೋರಿಸಿ." ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಈ ಲೇಬರ್ ಕಾರ್ಡ್ ಮಾಡಿಸಬಹುದು. ಕೇಳಿದಾಗ ಮುಖ ಸಿಂಡರಿಸುವ ಕಂಟ್ರಾಕ್ಟರ್ ಬೇಡ.

ಒಂಟಿಕೊಪ್ಪಲು_ಅಕ್ಕ

ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸಿ ತಮ್ಮ. ನಮ್ಮ ಮನೆ ಒಡೆದ ಹುಡುಗರಿಗೆ ಒಂದು ಮಾಸ್ಕ್ ತಂದು ಕೊಡಬೇಕು ಅಂತ ನಮಗೆ ಅವತ್ತು ಹೊಳೆಯಲೂ ಇಲ್ಲ.

ಮಂಡ್ಯ_ತಮ್ಮ

ನಮ್ಮ ಅಜ್ಜನ ಮನೆ ವಿಷಯದಲ್ಲಿ ನಾವು ಏಮಾರಿದ್ದು ಬೇರೆ ಕಡೆ. ಒಳಗೋಡೆ, ಅಟ್ಟ ತೆಗೆಯಲು ಕೊಟ್ಟಿದ್ದೆವು. ರೇಟು ತುಂಬಾ ಕಮ್ಮಿ ಹೇಳಿದರು, ಖುಷಿಯಾಯಿತು. ಕೆಲಸ ಮುಗಿದ ಮೇಲೆ ನೋಡಿದರೆ ಎರಡು ಜೊತೆ ತೇಗದ ಬಾಗಿಲು, ಬೀಟೆಯ ಒಂದು ಕಂಬ, ಸಾವಿರಕ್ಕೂ ಹೆಚ್ಚು ಹೆಂಚು, ಯಾವುದೂ ಇಲ್ಲ. "ಒಡೆದ ಸಾಮಾನು ನಮಗೇ ಅಂತ ಮಾತಾಗಿತ್ತಲ್ಲ" ಅಂದರು. ಅಂಥ ಮಾತು ಆಗಿರಲೇ ಇಲ್ಲ. ಕಾಗದವೂ ಇರಲಿಲ್ಲ. ಅಜ್ಜಿ ಆ ಕಂಬಕ್ಕೆ ಒರಗಿ ಕೂತು ಹೂ ಕಟ್ಟುತ್ತಿದ್ದರು. ಅಜ್ಜಿಯ ಬೆನ್ನು ತಾಗಿ ತಾಗಿ ಆ ಜಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

ಹಳೇ ಸಾಮಾನಿನ ವ್ಯಾಪಾರಿಯನ್ನು ಒಡೆಸುವ ಮುಂಚೆಯೇ ಕರೆಸಿ ಬೆಲೆ ಕಟ್ಟಿಸಿ. ಯಾವುದು ನಿಮಗೆ ಬೇಕೋ ಅದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಟ್ಟಿ ಬರೆದು ಸಹಿ ಮಾಡಿಸಿ.

ಸರಸ್ವತಿಪುರಂ_ಮನೆ

ಎರಡು ವಾರ ಆಯಿತು. ಎಲ್ಲರಿಗೂ ವಿಷಯ ತಿಳಿಸಬೇಕು.

ಸ್ಟ್ರಕ್ಚರಲ್ ಎಂಜಿನಿಯರ್ ಬಂದರು. ಒಂದೂವರೆ ಗಂಟೆ ಇದ್ದರು. ತಾರಸಿಯ ಅಡಿಯಲ್ಲಿ ಅಂಗೈಯಗಲ ಎರಡು ಕಡೆ ಪ್ಲಾಸ್ಟರ್ ಕೆರೆಸಿದರು. ಕಂಬಿ ಕಂಡಿತು. ಹಾಲ್ ಕಡೆಯಿಂದಲೂ ಅಡುಗೆಮನೆ ಕಡೆಯಿಂದಲೂ ಮುಖ್ಯ ಕಂಬಿ ಬಂದು ಈ ಗೋಡೆಯ ಮೇಲೇ ಕೂತಿದೆ. "ಈ ಮನೆಯ ಬೆನ್ನುಮೂಳೆ ಇದೇ" ಅಂದರು. ನಾನು ಅರ್ಧ ದಿನದಲ್ಲಿ ತೆಗೆಸಲು ಹೊರಟಿದ್ದು ಅದನ್ನು.

ಆಮೇಲೆ ಅವರು ಅಮ್ಮನನ್ನು ಕೇಳಿದರು, "ಅಮ್ಮ, ನಿಮಗೆ ಏನು ಬೇಕು?" ಅಮ್ಮ, "ಗೋಡೆ ಇದ್ದರೆ ನನಗೇನು? ಕುರ್ಚಿ ಒಳಗೆ ಹೋಗಿ ತಿರುಗಬೇಕು. ಒಲೆ ಕಾಣಬೇಕು" ಅಂದರು. ನಾವು ಯಾರೂ ಹೀಗೆ ಕೇಳಿರಲೇ ಇಲ್ಲ. ಹಾಗಾಗಿ ಪೂರ್ತಿ ಗೋಡೆ ಬೇಡ, ಬಾಗಿಲನ್ನೇ ಐದು ಅಡಿಗೆ ಅಗಲ ಮಾಡುವುದು ಅಂತ ತೀರ್ಮಾನ. ಎರಡೂ ಪಕ್ಕ ಮೂರೂವರೆ ಅಡಿ ಗೋಡೆ ಹಾಗೇ ಉಳಿಯುತ್ತದೆ.

ಕೆಲಸದ ಕ್ರಮ ಹೀಗೆ: ಗೋಡೆಯಲ್ಲಿ ಮೇಲ್ಗಡೆ ತೂತು ಮಾಡಿ ಅಡ್ಡಕ್ಕೆ ಕಬ್ಬಿಣದ ತೊಲೆ ತೂರಿಸಿ, ಎರಡೂ ಕಡೆ ಜಾಕಿ ಕೊಡುತ್ತಾರೆ. ಜಾಕಿ ಕೆಳಗೆ ಹಲಗೆ. ಗೋಡೆಯ ಅರ್ಧ ದಪ್ಪ ಮಾತ್ರ ಕೊರೆದು ಒಂದು ಸಿ ಚಾನೆಲ್ (ಇಂಗ್ಲಿಷ್ C ಆಕಾರದ ಕಬ್ಬಿಣದ ತೊಲೆ) ಕೂರಿಸಿ, ಸಂದಿಗೆ ಗ್ರೌಟ್ (ತೆಳ್ಳಗೆ ಕಲಸಿದ ಸಿಮೆಂಟ್ ಗಾರೆ) ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಇನ್ನೊಂದು ಕಡೆಯಿಂದ ಎರಡನೇ ಚಾನೆಲ್, ಎರಡಕ್ಕೂ ಬೋಲ್ಟ್. ಆಮೇಲಷ್ಟೇ ಕೆಳಗಿನ ಇಟ್ಟಿಗೆ ತೆಗೆಯುವುದು.

ವಲಯ ಕಚೇರಿಗೆ ಎಂಜಿನಿಯರ್ ಪತ್ರ, ನಕ್ಷೆ ಸಮೇತ ಅರ್ಜಿ ಕೊಟ್ಟಿದ್ದೇನೆ. 1991ರ ಮಂಜೂರಾತಿ ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು, ಪುಣ್ಯ. ಅನುಮತಿ ಕೈಗೆ ಬರುವವರೆಗೆ ಒಂದು ಇಟ್ಟಿಗೆಯೂ ಅಲ್ಲಾಡಲ್ಲ. ಬಾಡಿಗೆಯವರಿಗೂ ಹೇಳಿದ್ದೇನೆ. ಜಾಕಿ ಇರುವಷ್ಟು ದಿನ ಅವರ ಹಾಲ್‌ನ ಆ ಗೋಡೆಗೆ ತಾಗಿದ ಬೀರು ಸರಿಸಿಡುತ್ತಾರೆ.

ಕಂಟ್ರಾಕ್ಟರ್ ಜೊತೆ ಕಾಗದದಲ್ಲಿ ಏನೇನು ಬರೆಸಬೇಕು?

ಸೈಜುಗಲ್ಲು

ತುಂಬಾ ಸಂತೋಷ ಸರ್. ಎಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಒಡೆಯುವ ಭಾಗಕ್ಕೆ ಕೆಂಪು ಬಣ್ಣ ಹಾಕಿಸಿ, ಅದನ್ನೇ ಕರಾರಿಗೆ ಲಗತ್ತಿಸಿ. "ಗೋಡೆ ಒಡೆಯುವುದು" ಅಂತ ಬರೀ ಮಾತಲ್ಲಿ ಬರೆದರೆ ನಾಳೆ ಜಗಳ. ಅಡ್ವಾನ್ಸ್ ಅರ್ಧ ಕೇಳುತ್ತಾರೆ, ಕೊಡಬೇಡಿ. ಜಾಕಿ ನಿಂತ ಮೇಲೆ ಇಷ್ಟು, ಎರಡನೇ ಚಾನೆಲ್ ಕೂತ ಮೇಲೆ ಇಷ್ಟು, ಜಾಕಿ ತೆಗೆದು ಹದಿನೈದು ದಿನ ಆದ ಮೇಲೆ ಕೊನೇ ಕಂತು. ಜಾಕಿ ಯಾವಾಗ ತೆಗೆಯಬೇಕು ಅಂತ ಎಂಜಿನಿಯರ್ ಬರೆದು ಕೊಡಬೇಕು, ಕಂಟ್ರಾಕ್ಟರ್ ಅಲ್ಲ. ಅವನಿಗೆ ಜಾಕಿ ಮುಂದಿನ ಸೈಟಿಗೆ ಬೇಕಿರುತ್ತದೆ. ಕಬ್ಬಿಣದ ಬದಲು ಕಾಂಕ್ರೀಟ್ ಬೀಮ್ ಎರೆಯುವವರು ನೆನಪಿಡಿ: 6 ಮೀಟರ್ ಒಳಗಿನ ಬೀಮ್‌ಗೆ ಕಾಂಕ್ರೀಟ್ ಕೆಲಸದ ಸಂಹಿತೆ ಐಎಸ್ 456 ಪ್ರಕಾರ 14 ದಿನ ಆಸರೆ ಇರಲೇಬೇಕು.

ಒಡೆದ ಇಟ್ಟಿಗೆಯನ್ನು ಕೋಣೆ ಮಧ್ಯೆ ಗುಡ್ಡೆ ಹಾಕಬಾರದು ಅಂತಲೂ ಬರೆಸಿ. ನಿಮ್ಮದು ನೆಲಮಹಡಿ, ಪರವಾಗಿಲ್ಲ. ಮಹಡಿಯಲ್ಲಿ ಕೆಲಸ ಮಾಡಿಸುವವರಿಗೆ ಇದು ಪ್ರಾಣದ ವಿಷಯ. ವಾಸದ ಮನೆಯ ತಾರಸಿಯನ್ನು ಓಡಾಟ, ಸಾಮಾನಿಗೆ ಅಂತ ಒಂದು ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ಮಾಡಿರುತ್ತಾರೆ. ಒಂದಡಿ ಎತ್ತರದ ಇಟ್ಟಿಗೆ ಚೂರಿನ ಗುಡ್ಡೆ ಅದರ ಎರಡರಷ್ಟಾಗುತ್ತದೆ.

ನಿವೃತ್ತ_ಜೆಇ

ಮಣ್ಣಿನ ವಿಷಯ. ಕಟ್ಟಡ ತ್ಯಾಜ್ಯಕ್ಕೆ 2016ರಲ್ಲೇ ಕೇಂದ್ರದ ನಿಯಮ ಬಂತು. ದಿನಕ್ಕೆ 20 ಟನ್ನಿಗಿಂತ ಜಾಸ್ತಿ ಹೊರಡಿಸುವವರು ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಅಂತ ನಾಲ್ಕು ಪಾಲು ಮಾಡಬೇಕು ಅಂತ ಅದರಲ್ಲಿತ್ತು. ನಿಮ್ಮದು ಅಷ್ಟು ದೊಡ್ಡದಲ್ಲ. ಆದರೂ ರಸ್ತೆಗೆ, ಚರಂಡಿಗೆ ಹಾಕುವಂತಿಲ್ಲ. ಎಲ್ಲಿ ಹಾಕಬೇಕು ಅಂತ ಪಾಲಿಕೆಯಲ್ಲಿ ಕೇಳಿ, ಆ ಜಾಗದ ಹೆಸರನ್ನೇ ಕರಾರಿನಲ್ಲಿ ಬರೆಸಿ.

ಮೇಸ್ತ್ರಿ_ಮಗ

ಇನ್ನೊಂದು ಸಣ್ಣ ವಿಷಯ. ಆಷಾಢದಲ್ಲಿ ಕೆಲಸ ಕೊಡಿ. ಗೃಹಪ್ರವೇಶ, ಗುದ್ದಲಿ ಪೂಜೆ ಇರಲ್ಲ, ಒಳ್ಳೆಯ ಮೇಸ್ತ್ರಿಗಳು ಕೈಗೆ ಸಿಗುತ್ತಾರೆ, ಅವರಿಗೂ ಆ ತಿಂಗಳು ಕೂಲಿ ಬೇಕು. ದಸರಾ ಹತ್ತಿರ ಬಂದರೆ ಎಲ್ಲರೂ ಸುಣ್ಣಬಣ್ಣದ ಅವಸರದಲ್ಲಿರುತ್ತಾರೆ.

ಸರಸ್ವತಿಪುರಂ_ಮನೆ

ಕೊನೆಯ ಅಪ್‌ಡೇಟ್. ಅನುಮತಿ ಬಂತು. ಮೇಸ್ತ್ರಿ_ಮಗ ಹೇಳಿದ ಹಾಗೆ ಆಷಾಢದಲ್ಲೇ ಕೆಲಸ ಮಾಡಿಸಿದೆವು. ಆರು ದಿನ ಹಿಡಿಯಿತು. ಖರ್ಚು ಎಂಜಿನಿಯರ್ ಫೀಸು, ಕಬ್ಬಿಣ, ಮಣ್ಣು ಸಾಗಿಸಿದ್ದು ಎಲ್ಲ ಸೇರಿ 83 ಸಾವಿರ.

ಹುಡುಗರು ನಾಲ್ಕು ಜನ ಇದ್ದರು. ಮೊದಲ ದಿನ ಮಾಸ್ಕ್ ಕೊಟ್ಟಾಗ ಸೆಕೆ ಅಂತ ಕೆಳಗೆ ಎಳೆದುಕೊಳ್ಳುತ್ತಿದ್ದರು. ಅಮ್ಮ ಹಾಲ್‌ನ ಬಾಗಿಲ ಆಚೆ ಕೂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಮಾಸ್ಕ್ ಮೇಲಕ್ಕೆ ಎಳೆಸಿದರು. ಮೂರನೇ ದಿನದಿಂದ ಅವರೇ ಹಾಕಿಕೊಂಡರು. ಹಳೇ ಬಾಗಿಲ ಚೌಕಟ್ಟು ಮತ್ತಿ ಮರದ್ದು, ಅದನ್ನು ಇಟ್ಟುಕೊಂಡಿದ್ದೇವೆ.

ಎರಡನೇ ಚಾನೆಲ್ ಕೂರಿಸುವ ಹಿಂದಿನ ದಿನ, ಒಂಟಿಕೊಪ್ಪಲು ಅಕ್ಕ ಬರೆದದ್ದು ನೆನಪಾಗಿ, ಎಂಜಿನಿಯರ್‌ಗೆ ಹೇಳಿದೆ. ಮೇಲಿನ ಮನೆಯ ಗೋಡೆಯಲ್ಲಿ ಮೊದಲಿಂದಲೂ ಇದ್ದ ಒಂದು ಹಳೇ ಬಿರುಕಿನ ಮೇಲೆ ಅವರೇ ಗಾಜಿನ ತುಂಡು ಮೆತ್ತಿಸಿದರು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು. ಜಾಕಿ ತೆಗೆದು ಇವತ್ತಿಗೆ 22 ದಿನ. ಬಾಡಿಗೆಯವರ ಮಗಳು ದಿನಾ ಸ್ಕೂಲಿಗೆ ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು "ಅಜ್ಜಿ, ಗಾಜು ಹಾಗೇ ಇದೆ" ಅಂತ ಕೂಗಿ ಹೋಗುತ್ತಾಳೆ. ಅಮ್ಮ ಒಲೆಯ ಮುಂದಿನಿಂದ "ಸರಿ ಕಣಮ್ಮ" ಅನ್ನುತ್ತಾರೆ.